ಚಿಯಾಂಗ್ ಮಾಯ್ ಹೊಗೆ: ಬೆಂಕಿ ಯಾರ ಕೈಯಲ್ಲಿತ್ತು?

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಪಟ್ಟಣದ ಪಶ್ಚಿಮಕ್ಕೆ ಅಡ್ಡಲಾಗಿ ನಿಂತಿರುವುದು ದೊಯ್ ಸುತೇಪ್ ಬೆಟ್ಟ. 1,676 ಮೀಟರ್ ಎತ್ತರ. ಬೆಟ್ಟದ ಹೆಗಲ ಮೇಲೆ ಚಿನ್ನದ ಹೊದಿಕೆಯ ಬೌದ್ಧ ಸ್ತೂಪ. ಮಳೆ ನಿಂತ ನವೆಂಬರ್, ಡಿಸೆಂಬರಿನಲ್ಲಿ ಊರಿನ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಸ್ತೂಪ ಕಾಣುತ್ತದೆ. ಮಾರ್ಚ್ ಬಂತೆಂದರೆ ಸ್ತೂಪ ಹಾಗಿರಲಿ, ಬೆಟ್ಟವೇ ಕಾಣುವುದಿಲ್ಲ. ಇಳಿಹೊತ್ತಿನ ಸೂರ್ಯ ಕಿತ್ತಳೆ ಬಣ್ಣಕ್ಕೆ ತಿರುಗುತ್ತಾನೆ, ಒಣಹಾಕಿದ ಬಟ್ಟೆಗೆ ಸುಟ್ಟ ವಾಸನೆ ಹತ್ತುತ್ತದೆ, ಅಂಗಳಕ್ಕೆ ಕರಿ ಬೂದಿಯ ಚೂರುಗಳು ಬೀಳುತ್ತವೆ. ಜಗತ್ತಿನ ದೊಡ್ಡ ನಗರಗಳ ಗಾಳಿಯನ್ನು ಅಳೆದು ದಿನವೂ ಕ್ರಮಾಂಕ ಕೊಡುವ ಪಟ್ಟಿಗಳಲ್ಲಿ 2019ರ ಮಾರ್ಚ್‌ನಲ್ಲಿ, ಮತ್ತೆ 2023ರ ಮಾರ್ಚ್-ಏಪ್ರಿಲ್‌ನಲ್ಲಿ, ಎಲ್ಲರನ್ನೂ ಹಿಂದಿಕ್ಕಿ ಈ ಊರು ಅತಿ ಕೆಟ್ಟ ಗಾಳಿಯ ಸ್ಥಾನ ಪಡೆದ ದಿನಗಳಿವೆ. ಹಾಗೆಂದು ಇದು ಕಾರ್ಖಾನೆಗಳ ಊರೇನಲ್ಲ. 1296ರಲ್ಲಿ ಮಂಗ್ರಾಯ್ ದೊರೆ ಕಟ್ಟಿದ ಲಾನ್ನಾ ರಾಜ್ಯದ ಹಳೆಯ ರಾಜಧಾನಿ. ದೇವಾಲಯ, ವಿಶ್ವವಿದ್ಯಾಲಯ, ಕರಕುಶಲ, ಪ್ರವಾಸಿಗರು ಇವುಗಳ ಮೇಲೆ ಬದುಕುವ ಊರು. ಸುತ್ತಲಿನ ಪ್ರಾಂತ್ಯದಲ್ಲಿ ನೂರಕ್ಕೆ ಸುಮಾರು 70 ಪಾಲು ಇಂದಿಗೂ ಕಾಡು.

ಇಷ್ಟು ಕಾಡಿರುವ ಸೀಮೆಗೆ ಇಷ್ಟು ಹೊಗೆ ಎಲ್ಲಿಂದ ಬಂತು ಎಂದು ಕೇಳಿದರೆ ಸರ್ಕಾರಿ ಕಚೇರಿಗಳಲ್ಲಿ ಬಹುಕಾಲದಿಂದ ಒಂದು ಸಿದ್ಧ ಉತ್ತರವಿದೆ: ಗುಡ್ಡದ ಜನ ಕಾಡು ಸುಡುತ್ತಾರೆ. ಪೇಟೆಯ ಜನರೂ ಅದನ್ನೇ ನಂಬಿಕೊಂಡು ಬಂದಿದ್ದಾರೆ. ಈ ಉತ್ತರ ಪೂರ್ತಿ ಸುಳ್ಳಲ್ಲ. ಬೆಂಕಿ ಇಡುವ ಕೈ ಹೆಚ್ಚಾಗಿ ಹಳ್ಳಿಯವರದೇ. ಆದರೆ ಕಳೆದ ಸುಮಾರು 130 ವರ್ಷಗಳ ಚರಿತ್ರೆಯನ್ನು ಹಿಡಿದು ನೋಡಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಯಾವಾಗ ಸುಡಬೇಕು, ಎಷ್ಟು ಸುಡಬೇಕು, ಯಾವುದನ್ನು ಸುಡದೆ ಉಳಿಸಬೇಕು ಎಂಬ ತೀರ್ಮಾನ ಒಂದು ಕಾಲಕ್ಕೆ ಊರಿನವರ ಕೈಯಲ್ಲಿತ್ತು. ಅದನ್ನು ಮೊದಲು ಅರಣ್ಯ ಇಲಾಖೆ ಕಿತ್ತುಕೊಂಡಿತು, ಆಮೇಲೆ ಮೆಕ್ಕೆಜೋಳದ ಮಾರುಕಟ್ಟೆ ತನ್ನ ವಶಕ್ಕೆ ತೆಗೆದುಕೊಂಡಿತು. ತೀರ್ಮಾನ ಮಾಡುವವರು ಬದಲಾದರೂ ಬೈಸಿಕೊಳ್ಳುವವರು ಬದಲಾಗಲಿಲ್ಲ. ಇಂದಿನ ಹೊಗೆ ಹಳೆಯ ಪದ್ಧತಿಯ ಪಳೆಯುಳಿಕೆಯಲ್ಲ, ಆ ಪದ್ಧತಿಯನ್ನು ಮುರಿದು ಅದರ ಜಾಗಕ್ಕೆ ಬೇರೇನನ್ನೂ ಕಟ್ಟದೆ ಬಿಟ್ಟದ್ದರ ಫಲ ಎಂಬುದು ಈ ಲೇಖನದ ವಾದ.

ಮೊದಲು ನೆಲದ ಮಾತು. ಚಿಯಾಂಗ್ ಮಾಯ್ ಪಿಂಗ್ ನದಿಯ ಕಣಿವೆಯ ತಳದಲ್ಲಿ, ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ಸುತ್ತ ಬೆಟ್ಟಗಳು, ನೈರುತ್ಯಕ್ಕೆ ದೇಶದ ಅತಿ ಎತ್ತರದ ಶಿಖರ, 2,565 ಮೀಟರಿನ ದೊಯ್ ಇಂಥನೋನ್. ನಮ್ಮ ಮಡಿಕೇರಿಯಂಥ ಊರು ಬೆಟ್ಟದ ನೆತ್ತಿಯಲ್ಲಿದೆ, ಹೊಗೆ ಎದ್ದರೂ ಗಾಳಿ ಗುಡಿಸಿಕೊಂಡು ಹೋಗುತ್ತದೆ. ಇಲ್ಲಿ ಊರೇ ತಗ್ಗಿನಲ್ಲಿ ಕೂತಿದೆ. ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಇಲ್ಲ, ಬೀಸುಗಾಳಿಯೂ ಇಲ್ಲ. ರಾತ್ರಿ ನೆಲ ಬೇಗ ತಣಿದು ತಳದ ಗಾಳಿ ತಂಪಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಪಾತ್ರೆಯ ಮೇಲಿನ ಮುಚ್ಚಳದ ಹಾಗೆ ಕೂರುತ್ತದೆ. ಸಾಮಾನ್ಯವಾಗಿ ಮೇಲೆ ಹೋದಂತೆ ತಂಪಾಗಬೇಕಾದ ಗಾಳಿ ಇಲ್ಲಿ ತಲೆಕೆಳಗಾಗಿರುವುದರಿಂದ ಕೆಳಗಿನ ಹೊಗೆ ಮೇಲೇರುವುದಿಲ್ಲ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಪದರ ಒಡೆಯುತ್ತದೆ, ಅದೂ ಕೆಲವು ಗಂಟೆಗಳ ಮಟ್ಟಿಗೆ. ಮೇ ತಿಂಗಳ ಮಳೆ ಬಂದು ತೊಳೆಯುವವರೆಗೆ ಇದೇ ಪಾಡು. ಅಂದರೆ ಒಂದೇ ಪ್ರಮಾಣದ ಹೊಗೆ ಬಯಲುಸೀಮೆಯ ಊರಿನಲ್ಲಿ ಮಾಡುವುದಕ್ಕಿಂತ ಹೆಚ್ಚು ಹಾನಿಯನ್ನು ಈ ಕಣಿವೆಯಲ್ಲಿ ಮಾಡುತ್ತದೆ. ಭೂಗೋಳದ ಈ ಪಾಲನ್ನು ಯಾವ ಕಾನೂನೂ ಬದಲಿಸಲಾರದು.

ಎರಡನೆಯದು ಕಾಡಿನ ಜಾತಿ. ಈ ಸೀಮೆಯ ತಪ್ಪಲುಗಳಲ್ಲಿ ಹೆಚ್ಚಾಗಿರುವುದು ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು: ನಮ್ಮ ಸಾಲ ಮರದ ಬಳಗಕ್ಕೆ ಸೇರಿದ ದೊಡ್ಡೆಲೆಯ ಮರಗಳು, ಅಲ್ಲಲ್ಲಿ ತೇಗ, ಬಿದಿರು. ಇವುಗಳಲ್ಲೊಂದರ ಎಲೆ ಎಷ್ಟು ಅಗಲವೆಂದರೆ ಅದನ್ನೇ ಹೆಣೆದು ಮನೆಗೆ ಮಾಡು ಹೊದಿಸುವುದು ಅಲ್ಲಿನ ಹಳೆಯ ರೂಢಿ. ಫೆಬ್ರುವರಿ ಹೊತ್ತಿಗೆ ಕಾಡಿನ ನೆಲದ ಮೇಲೆ ತರಗೆಲೆ ಕಾಲು ಹೂತುಹೋಗುವಷ್ಟು ಬಿದ್ದು ಗರಿಗರಿ ಒಣಗಿರುತ್ತದೆ. ಇಲ್ಲಿ ಹತ್ತುವ ಬೆಂಕಿ ಸಾಮಾನ್ಯವಾಗಿ ಮರದ ತುದಿಗೆ ಏರುವುದಿಲ್ಲ. ನೆಲದ ತರಗು ತಿಂದುಕೊಂಡು ಮೊಣಕಾಲೆತ್ತರಕ್ಕೆ ಹರಿದು ಹೋಗುತ್ತದೆ. ದಪ್ಪ ತೊಗಟೆಯ ಮರಗಳು ತಡೆದುಕೊಳ್ಳುತ್ತವೆ, ಸುಟ್ಟ ಬುಡದಿಂದ ಮತ್ತೆ ಚಿಗುರುತ್ತವೆ. ಬೆಂಕಿಯೊಂದಿಗೆ ಬಹುಕಾಲ ಬಾಳಿದ ಕಾಡಿನ ಲಕ್ಷಣಗಳಿವು. ಮನುಷ್ಯ ಹಚ್ಚಿದನೋ ಇಲ್ಲವೋ ಬೇರೆ ಮಾತು, ಬೆಂಕಿ ಇಲ್ಲಿಗೆ ಹೊಸ ಅತಿಥಿಯಂತೂ ಅಲ್ಲ.

ಮನುಷ್ಯರ ಬೆಂಕಿಗೂ ಕ್ರಮವಿತ್ತು. ಕರೆನ್ ಮತ್ತು ಲುವಾ ಸಮುದಾಯಗಳು ನಡುಎತ್ತರದ ಗುಡ್ಡಗಳಲ್ಲಿ ಮಾಡುತ್ತ ಬಂದದ್ದು ನಮ್ಮಲ್ಲಿ ಕುಮರಿ ಎನ್ನುವ ಬೇಸಾಯವನ್ನೇ. ಬೇಸಿಗೆಯ ಆರಂಭದಲ್ಲಿ ಕುರುಚಲು ಕಡಿದು, ದೊಡ್ಡ ಮರಗಳ ಬುಡ ಉಳಿಸಿ, ವಾರಗಟ್ಟಲೆ ಒಣಗಲು ಬಿಡುತ್ತಾರೆ. ಆಮೇಲೆ ಕಡಿದ ಜಾಗದ ಸುತ್ತ ತರಗು ಗುಡಿಸಿ ಬರಿನೆಲದ ಪಟ್ಟಿ ಮಾಡುತ್ತಾರೆ. ನಮ್ಮ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಎನ್ನುತ್ತಾರಲ್ಲ, ಅದೇ. ಮಳೆಗೆ ಸ್ವಲ್ಪ ಮುಂಚೆ ದಿನ ಗೊತ್ತುಮಾಡಿ ಊರಿನವರೆಲ್ಲ ಸೇರಿ ಒಟ್ಟಿಗೆ ಸುಡುತ್ತಾರೆ. ಬೆಂಕಿ ರೇಖೆ ದಾಟಿದರೆ ಬಡಿದು ಆರಿಸಲು ಜನ ನಿಂತಿರುತ್ತಾರೆ. ಚೆನ್ನಾಗಿ ಒಣಗಿದ್ದು ಜೋರಾಗಿ ಉರಿದು ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಬೂದಿಯ ಮೇಲೆ ಕೋಲಿನಿಂದ ಕುಳಿ ಮಾಡಿ ಭತ್ತ, ಸೌತೆ, ಕುಂಬಳ, ಮೆಣಸು ಬಿತ್ತುತ್ತಾರೆ. ಒಂದು ವರ್ಷದ ಬೆಳೆ, ಬಳಿಕ ಏಳೋ ಹತ್ತೋ ವರ್ಷ ಬೀಳು. 1960ರ ದಶಕದಿಂದ ಈ ಹಳ್ಳಿಗಳನ್ನು ಅಧ್ಯಯನ ಮಾಡಿದ ಪೀಟರ್ ಕುನ್‌ಸ್ಟಾಟರ್ ಮತ್ತು ಜೊತೆಗಾರರು 1978ರಲ್ಲಿ ಹೊರತಂದ ಸಂಕಲನ ಗುಡ್ಡದ ಬೇಸಾಯಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ವಿವರವಾಗಿ ತೋರಿಸಿತು. ಬೀಳು ಬಿಟ್ಟು ಮತ್ತೆ ಅದೇ ನೆಲಕ್ಕೆ ಮರಳುವವರು ಬೇರೆ, ನೆಲದ ಸತ್ವ ತೀರುವವರೆಗೆ ಬೆಳೆದು ಮುಂದಿನ ಕಾಡಿಗೆ ಹೋಗುವವರು ಬೇರೆ. ಆದರೆ ಅಷ್ಟರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1957ರಲ್ಲೇ ಎಲ್ಲ ಬಗೆಯ ಅಲೆಮಾರಿ ಬೇಸಾಯವನ್ನೂ ಉಷ್ಣವಲಯದ ಪ್ರಗತಿಗೆ ದೊಡ್ಡ ತೊಡಕೆಂದು ಸಾರಿಯಾಗಿತ್ತು. ಸರ್ಕಾರಗಳಿಗೆ ಬೇಕಾಗಿದ್ದದ್ದು ಆ ಮಾತು, ಹಳ್ಳಿಯಲ್ಲಿ ಕೂತು ಬರೆದ ಸಂಕಲನವಲ್ಲ.

ಈ ತಾತ್ಸಾರಕ್ಕೆ ಇನ್ನೂ ಹಿಂದಿನ ಬೇರಿದೆ, ಅದು ನಮ್ಮ ಕಡೆಗೂ ಚಾಚಿದೆ. 19ನೇ ಶತಮಾನದ ಕೊನೆಯಲ್ಲಿ ಚಿಯಾಂಗ್ ಮಾಯ್ ಎಂದರೆ ತೇಗ. ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್, ಬೋರ್ನಿಯೊ ಕಂಪನಿಯಂಥ ಬ್ರಿಟಿಷ್ ಸಂಸ್ಥೆಗಳು ಲಾನ್ನಾದ ಅರಸು ಮನೆತನಗಳಿಂದ ಕಾಡು ಗುತ್ತಿಗೆ ಹಿಡಿದು, ಆನೆಗಳಿಂದ ಎಳೆಸಿ, ನದಿಯಲ್ಲಿ ತೇಲಿಸಿ ಮರ ಸಾಗಿಸುತ್ತಿದ್ದವು. ಗುತ್ತಿಗೆಯ ಜಗಳಗಳು ಹೆಚ್ಚಿದಾಗ ಸಯಾಂ (ಇಂದಿನ ಥಾಯ್ಲೆಂಡ್) ಸರ್ಕಾರ ಬರ್ಮಾದ ಬ್ರಿಟಿಷ್ ಅರಣ್ಯ ಸೇವೆಯಿಂದ ಹರ್ಬರ್ಟ್ ಸ್ಲೇಡ್ ಎಂಬ ಅಧಿಕಾರಿಯನ್ನು ಕರೆಸಿಕೊಂಡಿತು. ಅವರ ವರದಿಯ ಮೇಲೆ 1896ರಲ್ಲಿ ರಾಜ ಅರಣ್ಯ ಇಲಾಖೆ ಹುಟ್ಟಿತು, ಅವರೇ ಮೊದಲ ಮುಖ್ಯಸ್ಥರಾದರು. ಕಾಡು ಸ್ಥಳೀಯ ಅರಸರದ್ದಾಗಿರಬಾರದು, ಕೇಂದ್ರ ಸರ್ಕಾರದ್ದಾಗಬೇಕು ಎಂಬುದು ಅವರ ಶಿಫಾರಸಿನ ತಿರುಳು. ಅದು ಜಾರಿಗೂ ಬಂತು. ಊರಿನವರ ರೂಢಿಯ ಹಕ್ಕುಗಳಿಗೆ ಈ ಹೊಸ ಲೆಕ್ಕದಲ್ಲಿ ಕಾಲಂ ಇರಲಿಲ್ಲ. ಬರ್ಮಾ ಮತ್ತು ಭಾರತದಲ್ಲಿ ಅರಣ್ಯಾಧಿಕಾರಿ ಡೀಟ್ರಿಚ್ ಬ್ರಾಂಡಿಸ್ ಅವರ ಕಾಲದಿಂದ ಕಟ್ಟಿಕೊಂಡು ಬಂದ ಅರಣ್ಯಾಡಳಿತದ ಚೌಕಟ್ಟು ಹೀಗೆ ಸಯಾಮಿಗೆ ಹೋಯಿತು: ಕಾಡು ಸರ್ಕಾರದ ಆಸ್ತಿ, ತೇಗ ಅದರ ಹಣ, ಬೆಂಕಿ ಅದರ ಶತ್ರು.

ಮೂರನೆಯ ಮಾತಿನ ಬಗ್ಗೆ ಸ್ವತಃ ಸ್ಲೇಡ್ ಅವರಿಗೇ ಅನುಮಾನವಿತ್ತೆಂಬುದು ಈ ಚರಿತ್ರೆಯ ವಿಚಿತ್ರ. ಅದೇ 1896ರಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಬರ್ಮಾದಲ್ಲಿ ಬೆಂಕಿಯಿಂದ ರಕ್ಷಣೆ ಅತಿಯಾಗಿದೆ ಎಂದು ವಾದಿಸಿ ಅವರು ಬರೆದಿದ್ದರು. ಬೆಂಕಿ ತಡೆದ ಕಾಡುಗಳಲ್ಲಿ ಬಿದಿರು, ಪೊದೆ ದಟ್ಟವಾಗಿ ಬೆಳೆದು ಬಿಸಿಲು ಬೇಡುವ ತೇಗದ ಸಸಿ ಮೇಲೇಳುತ್ತಿರಲಿಲ್ಲ. ವರ್ಷ ವರ್ಷ ತೆಳುವಾಗಿ ಸುಟ್ಟುಹೋಗಬೇಕಾದ ತರಗು ರಾಶಿ ಬಿದ್ದು, ಎಂದಾದರೊಮ್ಮೆ ಕಿಡಿ ತಾಕಿದಾಗ ದೊಡ್ಡ ಮರಗಳನ್ನೂ ನುಂಗುತ್ತಿತ್ತು. 20ನೇ ಶತಮಾನದ ಮೊದಲ ದಶಕ ಕಳೆಯುವಷ್ಟರಲ್ಲಿ ಬರ್ಮಾದ ಅರಣ್ಯಾಧಿಕಾರಿಗಳು ಎಷ್ಟೋ ತೇಗದ ಕಾಡುಗಳಲ್ಲಿ ಬೆಂಕಿ ತಡೆಯುವ ಕೆಲಸವನ್ನೇ ಕೈಬಿಟ್ಟರು. ಹತ್ತಾರು ವರ್ಷ ದುಡ್ಡು ಸುರಿದು ಕಲಿತ ಪಾಠವದು. ಆದರೆ ಗಡಿ ದಾಟಿ ಬಂದದ್ದು ಇಲಾಖೆಯ ಚೌಕಟ್ಟು ಮಾತ್ರ, ಪಾಠ ಬರಲಿಲ್ಲ. ಇಲಾಖೆಗಳು ತಮ್ಮ ಅಧಿಕಾರವನ್ನು ನೆನಪಿಟ್ಟುಕೊಳ್ಳುವಷ್ಟು ಚೆನ್ನಾಗಿ ತಮ್ಮ ಅನುಭವವನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಕನ್ನಡದ ಓದುಗರಿಗೆ ಈ ಕತೆ ಅಪರಿಚಿತವಲ್ಲ. 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕುಮರಿಯನ್ನು ಕಂಡು ಅದರ ವಿರುದ್ಧ ವರದಿ ಬರೆದರು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಕರಾದ ಮೇಲೆ ಅವರ ಒತ್ತಾಯದಿಂದ 1860ರಲ್ಲಿ ಕೆನರಾ ಸೇರಿದಂತೆ ಆ ಪ್ರಾಂತ್ಯದ ಸರ್ಕಾರಿ ಕಾಡುಗಳಲ್ಲಿ ಅಪ್ಪಣೆಯಿಲ್ಲದ ಕುಮರಿಗೆ ನಿಷೇಧ ಬಂತು. ಅತ್ತ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಬೇಸಿಗೆಯ ಮೊದಲಲ್ಲೇ ಹಾಕುತ್ತಿದ್ದ ತರಗು ಬೆಂಕಿ, ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಬಳಿಕ ನಿಂತಿತು. ಆಮೇಲೆ ಅಲ್ಲಿ ಲಂಟಾನ ಹಬ್ಬಿತು, ನೆಲ್ಲಿಮರಗಳನ್ನು ಹೀರುವ ಉಪ್ಪಿಲು ಹೆಚ್ಚಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ, ಅಲ್ಲಿ ಕೆಲಸ ಮಾಡಿದ ಪರಿಸರ ವಿಜ್ಞಾನಿಗಳೂ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಸಣ್ಣ ಬೆಂಕಿ ತಪ್ಪಿಸಿ ದೊಡ್ಡ ಬೆಂಕಿಗೆ ಸೌದೆ ಕೂಡಿಟ್ಟ ಲೆಕ್ಕವದು.

ಥಾಯ್ಲೆಂಡಿಗೆ ಮರಳೋಣ. 1961ರ ರಾಷ್ಟ್ರೀಯ ಉದ್ಯಾನ ಕಾನೂನು, 1964ರ ರಾಷ್ಟ್ರೀಯ ಮೀಸಲು ಅರಣ್ಯ ಕಾನೂನು ಇವೆರಡೂ ಗುಡ್ಡದ ಹಳ್ಳಿಗಳನ್ನು ಇದ್ದಲ್ಲಿಯೇ ಅತಿಕ್ರಮಣದಾರರನ್ನಾಗಿ ಮಾಡಿದವು. ಗುಡ್ಡಗಳಲ್ಲಿ ಬೆಳೆಯುತ್ತಿದ್ದ ಅಫೀಮಿಗೆ 1950ರ ದಶಕದ ಕೊನೆಗೇ ನಿಷೇಧ ಬಿದ್ದಿತ್ತು. 1969ರಲ್ಲಿ ಭೂಮಿಬೊಲ್ ದೊರೆಯ ಹೆಸರಿನಲ್ಲಿ ಶುರುವಾದ ರಾಜ ಯೋಜನೆ ಅಫೀಮಿನ ಬದಲು ಕೋಸು, ಕಾಫಿ, ಹಣ್ಣು ಬೆಳೆಸಲು ಹೊರಟಿತು. ಅದರ ಸಾಧನೆ ದೊಡ್ಡದೇ, ಅಫೀಮಿನ ಪಿಡುಗು ಇಳಿದದ್ದು ನಿಜ. ಆದರೆ ಅದರ ಜೊತೆಗೆ ಗುಡ್ಡಕ್ಕೆ ರಸ್ತೆ ಬಂತು, ರಸ್ತೆಯ ಹಿಂದೆ ವ್ಯಾಪಾರಿ ಬಂದ. 1988ರ ನವೆಂಬರಿನಲ್ಲಿ ದಕ್ಷಿಣದಲ್ಲಿ ನೆರೆ ಬಂದು ನೂರಾರು ಜನ ಸತ್ತ ಮೇಲೆ 1989ರ ಜನವರಿಯಲ್ಲಿ ದೇಶದಾದ್ಯಂತ ಕಾಡಿನ ಮರ ಕಡಿಯುವುದಕ್ಕೆ ನಿಷೇಧ ಬಿತ್ತು. ಉದ್ಯಾನಗಳು ಹೆಚ್ಚಿದವು, ಬೀಳು ಬಿಟ್ಟ ಕುಮರಿ ಭೂಮಿ ಕಾಡೆಂದು ಗೆರೆಯೊಳಗೆ ಸೇರಿತು. ಹತ್ತು ವರ್ಷ ಬೀಳು ಬಿಟ್ಟರೆ ನೆಲ ಕೈತಪ್ಪುತ್ತದೆ ಎಂದಾದಾಗ ಯಾರು ಬೀಳು ಬಿಡುತ್ತಾರೆ? ವರ್ಷ ವರ್ಷವೂ ಉತ್ತು, ನೆಲ ತನ್ನದೆಂದು ತೋರಿಸಿಕೊಳ್ಳುವುದೇ ಜಾಣತನವಾಯಿತು. ಹಾಗೆ ವರ್ಷವೂ ಬೆಳೆಯಬಲ್ಲ, ಸಾಲಕ್ಕೆ ಬೀಜ ಸಿಗುವ, ಕೊಳ್ಳುವವರು ಖಚಿತವಾಗಿರುವ ಬೆಳೆ ಒಂದೇ ಕಾದಿತ್ತು: ಮೆಕ್ಕೆಜೋಳ.

ಹೊಗೆಯ ಚರಿತ್ರೆಯಲ್ಲಿ ಮೆಕ್ಕೆಜೋಳದ ಅಧ್ಯಾಯಕ್ಕೆ ಸಿಗಬೇಕಾದಷ್ಟು ಗಮನ ಬಹಳ ತಡವಾಗಿ ಸಿಕ್ಕಿತು. ಥಾಯ್ಲೆಂಡ್ ಜಗತ್ತಿಗೆ ಕೋಳಿಮಾಂಸ ಮಾರುವ ದೊಡ್ಡ ದೇಶಗಳಲ್ಲೊಂದು, ಕೋಳಿಗೆ ಮೇವು ಬೇಕು, ಮೇವಿಗೆ ಜೋಳ ಬೇಕು. ಮಳೆಯಾಧಾರದ ಗುಡ್ಡಗಳಲ್ಲಿ, ನಾನ್ ಪ್ರಾಂತ್ಯದಲ್ಲಿ, ಚಿಯಾಂಗ್ ಮಾಯ್‌ನದೇ ಮೇ ಚೆಮ್ ಕಣಿವೆಯಲ್ಲಿ ಇಳಿಜಾರಿಗೆ ಇಳಿಜಾರೇ ಜೋಳದ ಹೊಲವಾಯಿತು. ಬಿತ್ತನೆ ಬೀಜ, ಗೊಬ್ಬರ, ಕಳೆನಾಶಕ ಎಲ್ಲ ಸಾಲದ ಮೇಲೆ. ಕೊಯ್ಲಾದ ಮೇಲೆ ಕಾಳಿನಲ್ಲಿ ಚುಕ್ತಾ. ದಾವಣಗೆರೆ, ಹಾವೇರಿಯ ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಅವರ ಸಮತಟ್ಟಾದ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ದಂಟನ್ನು ಮಣ್ಣಿಗೆ ಸೇರಿಸಬಹುದು, ದನಕ್ಕೆ ಮೇವಾಗಿ ಹಾಕಬಹುದು. ಮೇ ಚೆಮ್‌ನ ಕಡಿದಾದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ತೆನೆಯನ್ನಷ್ಟೇ ಹೊತ್ತು ಕೆಳಗೆ ತರುತ್ತಾರೆ, ದಂಟು ಹೊಲದಲ್ಲೇ ಉಳಿಯುತ್ತದೆ. ಕಾಳು ಬಿಡಿಸುವ ಯಂತ್ರದ ಪಕ್ಕದಲ್ಲಿ ಸಿಪ್ಪೆ ಮತ್ತು ದಿಂಡುಗಳ ಗುಡ್ಡೆ ಬೆಳೆಯುತ್ತದೆ. ಸಾಗಿಸಲು ಲಾರಿ ಬಾಡಿಗೆ ಕೊಡುವವರಿಲ್ಲ, ಕೊಳ್ಳುವವರೂ ಇಲ್ಲ. ಮುಂದಿನ ಬಿತ್ತನೆಗೆ ಮುಂಚೆ ಇವೆರಡಕ್ಕೂ ಬೆಂಕಿ ಬೀಳುತ್ತದೆ. ಕೂಲಿ ಇಟ್ಟು ತೆರವು ಮಾಡಿಸಿದರೆ ಜೋಳದಿಂದ ಉಳಿಯುವ ಕಾಸು ಅದಕ್ಕೇ ಸರಿಹೋಗುತ್ತದೆ. ಕುಮರಿಯಲ್ಲಿ ಒಂದು ತುಂಡು ನೆಲ ಹತ್ತು ವರ್ಷಕ್ಕೊಮ್ಮೆ ಸುಟ್ಟರೆ, ಜೋಳದ ನೆಲ ಪ್ರತಿ ವರ್ಷ ಸುಡುತ್ತದೆ. ಇದನ್ನೂ ಹಳೆಯ ಕೆಟ್ಟ ಪದ್ಧತಿ ಎಂದು ಕರೆದರೆ ಚರಿತ್ರೆಗೆ ಮಾಡುವ ಅನ್ಯಾಯ. ಇದು ಬಂದು ಹೆಚ್ಚೆಂದರೆ ಎರಡು ತಲೆಮಾರಾಗಿರಬಹುದು, ಮೇವಿನ ಉದ್ಯಮ ಹಾಕಿಕೊಟ್ಟ ಪದ್ಧತಿ.

2007ರ ಮಾರ್ಚ್‌ನಲ್ಲಿ ಹೊಗೆ ಮೊದಲ ಬಾರಿಗೆ ರಾಷ್ಟ್ರೀಯ ಬಿಕ್ಕಟ್ಟಾಯಿತು. ಆಗ ಅಳೆಯುತ್ತಿದ್ದದ್ದು ಹತ್ತು ಮೈಕ್ರಾನ್‌ವರೆಗಿನ ಕಣಗಳನ್ನು. ದಿನದ ಮಿತಿ ಘನಮೀಟರಿಗೆ 120 ಮೈಕ್ರೊಗ್ರಾಂ. ಚಿಯಾಂಗ್ ಮಾಯ್‌ನಲ್ಲಿ ಅದು ಮಿತಿಯ ಎರಡು ಪಟ್ಟಿಗಿಂತ ಮೇಲೇರಿತು. ವಿಮಾನಗಳಿಗೆ ಅಡಚಣೆಯಾಯಿತು, ಆಸ್ಪತ್ರೆಗಳು ತುಂಬಿದವು. ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣಗಳಿಗೆ ಮಿತಿ ಬಂದದ್ದು 2010ರಲ್ಲಿ, 50 ಮೈಕ್ರೊಗ್ರಾಂ ಎಂದು. 2023ರಲ್ಲಿ ಅದನ್ನು 37.5ಕ್ಕೆ ಇಳಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಹೇಳುತ್ತಿರುವುದು 15. ಬಿಕ್ಕಟ್ಟಿಗೆ ಸರ್ಕಾರ ಕಂಡುಕೊಂಡ ಮದ್ದು ಮಾತ್ರ ಹಳೆಯದೇ: ನಿಷೇಧ. ಬೇಸಿಗೆಯ ನಡುವೆ 60 ದಿನಗಳ ಕಾಲ ಯಾರೂ ಏನನ್ನೂ ಸುಡಕೂಡದು, ಸುಟ್ಟರೆ ದಂಡ, ಜೈಲು. ಯಶಸ್ಸನ್ನು ಉಪಗ್ರಹ ತೋರಿಸುವ ಬೆಂಕಿ ಚುಕ್ಕೆಗಳ ಎಣಿಕೆಯಿಂದ ಅಳೆಯತೊಡಗಿದರು. ನಿಷೇಧದ ಹಿಂದಿನ ವಾರಗಳಲ್ಲಿ ಇನ್ನೂ ಸರಿಯಾಗಿ ಒಣಗದ ಸೊಪ್ಪುಸದೆಯನ್ನೇ ಅವಸರದಲ್ಲಿ ಸುಡುವುದು, ಗಡುವು ಮುಗಿದ ಮರುದಿನ ಎಲ್ಲರೂ ಒಟ್ಟಿಗೆ ಹಚ್ಚುವುದು ಇದರ ಫಲ. ಹಸಿ ಸೌದೆ ಒಣಗಿದ್ದಕ್ಕಿಂತ ಹೆಚ್ಚು ಹೊಗೆಯುತ್ತದೆ ಎಂಬುದು ಒಲೆ ಹಚ್ಚಿದವರಿಗೆಲ್ಲ ಗೊತ್ತು. ಉಪಗ್ರಹ ತಲೆಯ ಮೇಲೆ ಹಾಯುವ ಹೊತ್ತನ್ನು ತಿಳಿದುಕೊಂಡು ಅದು ದಾಟಿದ ಮೇಲೆ ಕಡ್ಡಿ ಗೀರುವುದನ್ನೂ ಜನ ಕಲಿತರು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಊರಿಗೆ ಊರೇ ಸೇರಿ ಹಗಲಲ್ಲಿ ಕಾವಲಿನೊಂದಿಗೆ ಹಾಕುತ್ತಿದ್ದ ಬೆಂಕಿ ಈಗ ಒಬ್ಬ ಕದ್ದು ಹಚ್ಚಿ ಓಡಿಹೋಗುವ ಬೆಂಕಿಯಾಯಿತು. ಓಡಿಹೋದವನು ಬೆಂಕಿ ರೇಖೆ ಕಾಯುವುದಿಲ್ಲ.

ಇಲ್ಲಿ ಎದುರುವಾದಗಳನ್ನು ಕೇಳಬೇಕು. ಮೊದಲನೆಯದು ಬಲವಾದದ್ದು: ಶ್ವಾಸಕೋಶಕ್ಕೆ ಚರಿತ್ರೆ ಗೊತ್ತಿಲ್ಲ, ಕುಮರಿಯ ಹೊಗೆಯೂ ಜೋಳದ ಹೊಗೆಯೂ ಒಂದೇ ವಿಷ, ಹಾಗಿರುವಾಗ ಎಲ್ಲವನ್ನೂ ನಿಲ್ಲಿಸುವುದೇ ಸರಿ. ಹೊಗೆಯ ವಿಷದ ಬಗ್ಗೆ ತಕರಾರಿಲ್ಲ. ಆದರೆ ಪೂರ್ತಿ ನಿಷೇಧ ಕೆಲಸ ಮಾಡಿದೆಯೇ ಎಂಬುದನ್ನು ದಾಖಲೆ ನೋಡಿಯೇ ಹೇಳಬೇಕು. 2011ರ ಮತ್ತು 2022ರ ಬೇಸಿಗೆಗಳು ಚಿಯಾಂಗ್ ಮಾಯ್‌ಗೆ ಹಗುರವಾಗಿದ್ದವು. ಎರಡೂ ಲಾ ನಿನಾ ವರ್ಷಗಳು, ಅಕಾಲದಲ್ಲಿ ಮಳೆ ಬಿದ್ದಿತ್ತು. 2019, 2020, 2023 ಕೆಟ್ಟದಾಗಿದ್ದವು. ನಿಷೇಧದ ಆದೇಶ ಒಳ್ಳೆಯ ವರ್ಷದಲ್ಲೂ ಇತ್ತು, ಕೆಟ್ಟ ವರ್ಷದಲ್ಲೂ ಇತ್ತು. ಫಲಿತಾಂಶ ಬರೆದದ್ದು ಆಕಾಶವೇ ಹೊರತು ಆದೇಶವಲ್ಲ. 2020ರ ಮಾರ್ಚ್‌ನಲ್ಲಿ ದೊಯ್ ಸುತೇಪ್‌ನ ರಾಷ್ಟ್ರೀಯ ಉದ್ಯಾನವೇ ದಿನಗಟ್ಟಲೆ ಉರಿಯಿತು. ಆ ಬೇಸಿಗೆಯಲ್ಲಿ ಉತ್ತರದ ಕಾಡುಗಳ ಬೆಂಕಿ ಆರಿಸಲು ಹೋದವರಲ್ಲಿ ಕೆಲವರು ಪ್ರಾಣವನ್ನೇ ತೆತ್ತರು. ಉಪಗ್ರಹದ ಎಣಿಕೆಯನ್ನೇ ನಂಬುವುದಾದರೂ ಉತ್ತರದ ಬೆಂಕಿ ಚುಕ್ಕೆಗಳಲ್ಲಿ ಬಹುಪಾಲು ಬೀಳುವುದು ಸಂರಕ್ಷಿತ ಕಾಡು ಮತ್ತು ಮೀಸಲು ಅರಣ್ಯದಲ್ಲಿ, ಅಂದರೆ ಇಲಾಖೆ 130 ವರ್ಷಗಳಿಂದ ತನ್ನದೆಂದು ಹೇಳಿಕೊಂಡು ಬಂದ ನೆಲದಲ್ಲಿ. ಒಡೆತನ ಬೇಕು, ಹೊಣೆ ಬೇಡ ಎಂದರೆ ಹೇಗೆ?

ಆ ಕಾಡಿಗೆ ಬೆಂಕಿ ಇಡುವವರು ಯಾರು ಎಂದು ಕೇಳಿದರೆ ಅಣಬೆಯ ಕತೆ ಬರುತ್ತದೆ. ಮೊದಲ ಮಳೆಯ ಬಳಿಕ ಈ ಕಾಡಿನ ನೆಲದಲ್ಲಿ ಗೋಲಿಯಷ್ಟು ಗಾತ್ರದ, ಕಂದು ಬಣ್ಣದ, ಕಡಿದರೆ ಪಟ್ಟೆನ್ನುವ ಅಣಬೆ ಹುಟ್ಟುತ್ತದೆ. ಹೊಸತು ಬಂದಾಗ ಸಂತೆಯಲ್ಲಿ ಲೀಟರ್ ಡಬ್ಬದಲ್ಲಿ ಅಳೆದು ಮಾರುತ್ತಾರೆ, ಒಳ್ಳೆಯ ಬೆಲೆ. ಸುಟ್ಟ ನೆಲದಲ್ಲಿ ಅದು ಹೆಚ್ಚು ಹುಟ್ಟುತ್ತದೆ ಎಂಬ ನಂಬಿಕೆಯಿಂದ ಕಾಡು ಸುಡುತ್ತಾರೆ ಎಂಬುದು ಆರೋಪ. ಅಣಬೆ ಬದುಕುವುದು ಮರದ ಬೇರಿನ ಜೊತೆಗೆ, ಅದಕ್ಕೆ ಬೆಂಕಿ ಬೇಕಾಗಿಲ್ಲ; ತರಗು ಸುಟ್ಟುಹೋದರೆ ಕಣ್ಣಿಗೆ ಸುಲಭವಾಗಿ ಬೀಳುತ್ತದೆ, ಅಷ್ಟೆ. ಅಣಬೆಗಾಗಿ ಹಚ್ಚುವವರು ಇದ್ದಾರೆ, ಬೇಟೆಗಾಗಿ ಹಚ್ಚುವವರೂ ಇದ್ದಾರೆ. ಆದರೆ ಒಂದು ಪ್ರದೇಶದಷ್ಟು ದೊಡ್ಡ ಹೊಗೆಯನ್ನು ಅಣಬೆಯ ತಲೆಗೆ ಕಟ್ಟುವುದು ಬಡವರ ಮೇಲೆ ಗೂಬೆ ಕೂರಿಸುವ ಹಳೆಯ ಚಾಳಿಯೇ. ಊರಿನ ಕಾವಲಿಗೆ ಒಪ್ಪಿಸಿದ ಕಾಡಿನಲ್ಲಿ ಇಂಥ ಕಿಡಿಗೇಡಿಯನ್ನು ಊರೇ ಹಿಡಿಯುತ್ತಿತ್ತು. ಸರ್ಕಾರಿ ಕಾಡಿನಲ್ಲಿ ಅವನನ್ನು ಹಿಡಿಯುವ ದರ್ದು ಯಾರಿಗೂ ಇಲ್ಲ.

ಹೊಗೆ ಮ್ಯಾನ್ಮಾರ್, ಲಾವೋಸ್ ಕಡೆಯಿಂದ ಬರುತ್ತದೆ ಎಂಬುದು ಎರಡನೆಯ ವಾದ. ಗಾಳಿಯ ದಿಕ್ಕು ನೋಡಿದರೆ ಇದರಲ್ಲಿ ನಿಜವಿದೆ, ಕೆಲವು ವಾರಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಗಡಿಯಾಚೆಯದ್ದಿರಬಹುದು. ಆದರೆ ಮ್ಯಾನ್ಮಾರಿನ ಶಾನ್ ರಾಜ್ಯದ ಗುಡ್ಡಗಳಲ್ಲಿ ಬೆಳೆದ ಜೋಳ ಬರುವುದೂ ಥಾಯ್ಲೆಂಡಿನ ಮೇವಿನ ಗಿರಣಿಗಳಿಗೇ, ಅದೂ ಸುಂಕದ ರಿಯಾಯಿತಿ ಪಡೆದು. ಕಾಳು ಗಡಿ ದಾಟಿ ಬರುವಾಗ ನಮ್ಮದು, ಹೊಗೆ ಬರುವಾಗ ಅವರದ್ದು ಎನ್ನಲಾಗದು. ಗಡಿಯಾಚೆಯ ಹೊಗೆಗಾಗಿಯೇ ಆಸಿಯಾನ್ ದೇಶಗಳು 2002ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿವೆ. ಅದರ ಹುಟ್ಟಿಗೆ ಕಾರಣವಾದ ಇಂಡೊನೇಷ್ಯಾವೇ ಅದನ್ನು ಅನುಮೋದಿಸಿದ್ದು 2014ರಲ್ಲಿ ಎಂದರೆ ಒಪ್ಪಂದದ ಬಲ ಎಷ್ಟೆಂದು ಊಹಿಸಬಹುದು.

ಮೂರನೆಯ ಆಕ್ಷೇಪ ಕರೆನ್ ಹಳ್ಳಿಯನ್ನು ರಮ್ಯವಾಗಿ ಕಾಣುತ್ತಿದ್ದೇವೆ ಎಂಬುದು. ಒಪ್ಪತಕ್ಕ ಎಚ್ಚರಿಕೆ. ಜನ ಹೆಚ್ಚಿದ್ದಾರೆ, ಬೀಳಿನ ಅವಧಿ ಕುಗ್ಗಿದೆ, ಎಷ್ಟೋ ಕರೆನ್ ಹಳ್ಳಿಗಳೂ ಜೋಳಕ್ಕೆ ಇಳಿದಿವೆ. 1900ರ ಗುಡ್ಡವನ್ನು ಮತ್ತೆ ತರಲು ಆಗದು. ಉಳಿಸಿಕೊಳ್ಳಬೇಕಾದದ್ದು ಇಷ್ಟೇ: ಬೆಂಕಿಗೆ ದಿನ ಗೊತ್ತುಮಾಡುವ, ರೇಖೆ ಹೊಡೆಯುವ, ದಾಟಿದರೆ ಹೊಣೆ ಹೊರುವ ಒಂದು ಊರ ವ್ಯವಸ್ಥೆ ಇತ್ತು, ಅದು ಈಗಲೂ ಸಾಧ್ಯ. 2021ರಲ್ಲಿ ಪ್ರಾಂತ್ಯಾಡಳಿತ ಮತ್ತು ಚಿಯಾಂಗ್ ಮಾಯ್ ವಿಶ್ವವಿದ್ಯಾಲಯ ಸೇರಿ ತಂದ ಫೈರ್‌ಡಿ ಎಂಬ ಮೊಬೈಲ್ ಆ್ಯಪ್ ಅರ್ಧ ಮನಸ್ಸಿನಿಂದಲಾದರೂ ಇದನ್ನೇ ಒಪ್ಪಿಕೊಂಡಿತು. ಸುಡಬೇಕಾದವರು ಅರ್ಜಿ ಹಾಕುತ್ತಾರೆ, ಗಾಳಿ ಮೇಲೇಳುವ ದಿನ ನೋಡಿ ಅನುಮತಿ ಸಿಗುತ್ತದೆ, ಎಲ್ಲರೂ ಒಂದೇ ದಿನ ಹಚ್ಚದಂತೆ ಸರದಿ ಹಾಕುತ್ತಾರೆ. ಊರ ಹಿರಿಯರು ಮಾಡುತ್ತಿದ್ದ ಕೆಲಸಕ್ಕೆ ಹವಾಮಾನ ಲೆಕ್ಕಾಚಾರ ಸೇರಿಸಿದಂತಾಯಿತು. 125 ವರ್ಷಗಳ ಬಳಿಕ ಸ್ಲೇಡ್ ಅವರ ಅನುಮಾನಕ್ಕೆ ಉತ್ತರ ಕೊಟ್ಟಂತೆಯೂ ಆಯಿತು. ಆದರೆ ಮೇಲಿನವರು ಬಿಗಿ ನಿಷೇಧದ ಆಜ್ಞೆ ಹೊರಡಿಸಿದ ವಾರ ಆ್ಯಪ್‌ಗೆ ಬೆಲೆಯಿಲ್ಲ.

ಪೇಟೆಯ ಜನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 2023ರಲ್ಲಿ ಹೂಡಿದ ದಾವೆಯ ಮೇಲೆ ಚಿಯಾಂಗ್ ಮಾಯ್ ಆಡಳಿತ ನ್ಯಾಯಾಲಯ 2024ರ ಜನವರಿಯಲ್ಲಿ, ಪ್ರಧಾನಿ ಮತ್ತು ರಾಷ್ಟ್ರೀಯ ಪರಿಸರ ಮಂಡಳಿ 90 ದಿನಗಳೊಳಗೆ ತುರ್ತು ಯೋಜನೆ ರೂಪಿಸಬೇಕೆಂದು ಆದೇಶಿಸಿತು. ಅದೇ ತಿಂಗಳು ಶುದ್ಧ ಗಾಳಿಯ ಮಸೂದೆಯ ಹಲವು ಕರಡುಗಳು ಸಂಸತ್ತಿನ ಮೊದಲ ಓದಿಗೆ ಬಂದವು. ಇಂಥ ಕಾನೂನನ್ನು ಅಳೆಯಲು ಅದರ ದಂಡದ ಮೊತ್ತ ನೋಡಿ ಪ್ರಯೋಜನವಿಲ್ಲ. ಎರಡೇ ಕಲಮು ಹುಡುಕಬೇಕು: ಕಾಡಂಚಿನ ಹಳ್ಳಿಗೆ ತನ್ನ ಸುತ್ತಲ ಕಾಡಿನ ಬೆಂಕಿಯ ಮೇಲೆ ಅಧಿಕಾರವನ್ನೂ ಹೊಣೆಯನ್ನೂ ಕೊಡುತ್ತದೆಯೇ, ಸುಟ್ಟ ಹೊಲದ ಜೋಳ ಕೊಳ್ಳುವ ಗಿರಣಿಯನ್ನು ಲೆಕ್ಕಕ್ಕೆ ಕರೆಯುತ್ತದೆಯೇ. ಇವೆರಡೂ ಇಲ್ಲದಿದ್ದರೆ ಅದು 1896ರ ಚೌಕಟ್ಟಿನ ಹೊಸ ಮುದ್ರಣ, ಮಾರ್ಚ್‌ನಲ್ಲಿ ದೊಯ್ ಸುತೇಪ್ ಹಿಂದಿನಂತೆಯೇ ಕಾಣೆಯಾಗುತ್ತದೆ.